ದೊಡ್ಡಪ್ಪ ಹೇಗೆ ಮುಳುಗಿದ್ರು ಅಂತ ನಾವ್ಯಾರೂ ಕೇಳೇ ಇರ್ಲಿಲ್ಲ

ಡಾಕ್ಟ್ರು ಕೇಳಿದ್ದು ಒಂದು ಚಿಕ್ಕ ಪ್ರಶ್ನೆ. ನಿಮ್ ಕುಟುಂಬದಲ್ಲಿ ಯಾರಾದ್ರೂ ಸಣ್ಣ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದು ಇದ್ಯಾ ಅಂತ. ನಾನು ತಟ್ಟನೆ ಇಲ್ಲ ಅಂದ್ಬಿಟ್ಟೆ. ಮುಚ್ಚಿಡ್ಬೇಕು ಅಂತ ಹೇಳಿದ್ದಲ್ಲ, ನಿಜವಾಗ್ಲೂ ಆ ಕ್ಷಣಕ್ಕೆ ಯಾರೂ ನೆನಪಿಗೆ ಬರ್ಲಿಲ್ಲ. ಅಪ್ಪನ ಅಣ್ಣ, ಅಂದ್ರೆ ನನ್ನ ದೊಡ್ಡಪ್ಪ, ಕಾಲೇಜಲ್ಲಿ ಓದ್ತಾ ಇದ್ದಾಗ್ಲೇ 19ನೇ ವಯಸ್ಸಿಗೆ ಹೋದ್ರು ಅಂತ ನಂಗೆ ಚಿಕ್ಕಂದಿನಿಂದ ಗೊತ್ತು, ಆದ್ರೆ ಅವ್ರು ಕೆರೇಲಿ ಮುಳುಗಿ ಹೋದೋರು, ಅದು ಆಕ್ಸಿಡೆಂಟು, ಖಾಯಿಲೆಯ ಪ್ರಶ್ನೆಗೆ ಅವ್ರ ಹೆಸರು ಹೇಳ್ಬೇಕು ಅಂತ ಯಾರಿಗೆ ತಾನೇ ಹೊಳೆಯತ್ತೆ.

ಮೊದ್ಲು ನನ್ ಮಗಳ ವಿಷಯ ಹೇಳ್ಬೇಕು. ಅವ್ಳಿಗೆ 12 ವರ್ಷ, ಸ್ಕೂಲಿನ ರನ್ನಿಂಗ್ ಟೀಮಲ್ಲಿದ್ಲು. ಒಂದಿನ ಓಡ್ತಾ ಓಡ್ತಾ ಧೊಪ್ಪಂತ ಬಿದ್ಲು, ಒಂದು ನಿಮಿಷದೊಳಗೆ ತಾನೇ ಎದ್ದು ಕೂತ್ಲು. ಬಿಸಿಲು, ಸುಸ್ತು, ಸರಿಯಾಗಿ ತಿಂದಿರಲ್ಲ ಅಂತ ಎಲ್ರೂ ಅಂದ್ರು, ನಾವೂ ಹಾಗೇ ಅಂದ್ಕೊಂಡ್ವಿ. ನಾಲ್ಕು ತಿಂಗಳಾದ್ಮೇಲೆ ಮತ್ತೆ ಬಿದ್ಲು, ಆಗ ಕೈಕಾಲು ಸ್ವಲ್ಪ ಅದುರಿದ್ದನ್ನ ಟೀಚರ್ ನೋಡಿದ್ರು, ಹಾಗಾಗಿ ಫಿಟ್ಸ್ ಇರ್ಬೇಕು ಅಂತ ಒಬ್ರು ಡಾಕ್ಟ್ರು ಮಾತ್ರೆ ಶುರು ಮಾಡಿದ್ರು. ಮೆದುಳಿನ ಟೆಸ್ಟ್ ನಾರ್ಮಲ್ ಬಂತು, ಆದ್ರೂ ಮಾತ್ರೆ ಮುಂದುವರೀತು. ಮೂರನೇ ಸಲ ಮೆಟ್ಟಿಲು ಹತ್ತಿ ಓಡ್ಬಂದು ನನ್ ಕಣ್ಣೆದುರಿಗೇ ಬಿದ್ಲು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನೋಡಿದ ಮೇಲೆ ನಂಗೆ ಫಿಟ್ಸ್ ಅನ್ನೋ ಮಾತು ಒಪ್ಪೋಕೆ ಆಗ್ಲಿಲ್ಲ, ಬೇರೆ ಡಾಕ್ಟ್ರ ಹತ್ರ ಹೋದ್ವಿ, ಅವ್ರು ಮಾಡಿದ ಮೊದಲ ಕೆಲಸ ಇಸಿಜಿ. ಅಲ್ಲೀವರೆಗೆ ಯಾರೂ ಅದನ್ನ ಮಾಡ್ಸಿರ್ಲಿಲ್ಲ. ಐದು ನಿಮಿಷದ ಟೆಸ್ಟು ಅದು.

ಆ ಗುಲಾಬಿ ಬಣ್ಣದ ಚೌಕಳಿ ಕಾಗದವನ್ನ ಅವ್ರು ನನ್ ಮುಂದೆ ಹಿಡಿದು ಪೆನ್ಸಿಲ್ ತುದೀಲಿ ತೋರಿಸಿದ್ರು. ಒಂದೊಂದು ಸಣ್ಣ ಮನೆ ಅಂದ್ರೆ 40 ಮಿಲಿಸೆಕೆಂಡು. ಹೃದಯದ ಕೆಳಗಿನ ಕೋಣೆಗಳಿಗೆ ಕರೆಂಟು ಹರಿಯೋಕೆ ಶುರು ಆಗೋದು ಇಲ್ಲಿ, ಮತ್ತೆ ಅದು ಮುಂದಿನ ಬಡಿತಕ್ಕೆ ರೆಡಿ ಆಗೋದು ಇಲ್ಲಿ, ಇವೆರಡರ ನಡುವಿನ ದೂರಕ್ಕೆ ಕ್ಯೂಟಿ ಅಂತಾರೆ, ನಿಮ್ ಮಗಳದ್ದು ಎಣಿಸಿ ನೋಡಿ ಅಂದ್ರು. ನಾನೇ ಎಣಿಸ್ದೆ, 11 ಮನೆ. ಅಂದ್ರೆ 440. ನಾಡಿ ವೇಗ ಇದ್ರೆ ಈ ದೂರ ತಾನಾಗೇ ಕಮ್ಮಿ ಆಗ್ಬೇಕು, ಅದಕ್ಕೆ ವೇಗದ ಲೆಕ್ಕ ಹಾಕಿ ಸರಿದೂಗಿಸ್ತಾರೆ, 1920ರಲ್ಲಿ ಬ್ಯಾಜೆಟ್ ಅನ್ನೋರು ಕೊಟ್ಟ ಸೂತ್ರ ಇವತ್ತಿಗೂ ಬಳಕೇಲಿದೆ. ಅವ್ಳ ನಾಡಿ 75 ಇತ್ತು, ಲೆಕ್ಕ ಹಾಕಿದ್ರೆ 492 ಬಂತು. 480 ದಾಟಿದ್ದು ಮತ್ತೆ ಮತ್ತೆ ಹಾಗೇ ಬಂದ್ರೆ ಅದಕ್ಕೊಂದು ಹೆಸರಿದೆ, ಲಾಂಗ್ ಕ್ಯೂಟಿ ಸಿಂಡ್ರೋಮ್. ಸುಮಾರು 2000 ಜನಕ್ಕೆ ಒಬ್ರಿಗೆ ಇರತ್ತಂತೆ. ಹುಟ್ಟಿನಿಂದ್ಲೇ ಇರತ್ತೆ, ತಂದೆ ಅಥವಾ ತಾಯಿ ಕಡೆಯಿಂದ ಬರತ್ತೆ, ಒಬ್ರಿಗೆ ಇದ್ರೆ ಪ್ರತಿ ಮಗೂಗೂ ನೂರಕ್ಕೆ ಐವತ್ತು ಸಾಧ್ಯತೆ.

ಆಗ್ಲೇ ಅವ್ರು ಆ ಪ್ರಶ್ನೆ ಕೇಳಿದ್ದು, ನಾನು ಇಲ್ಲ ಅಂದಿದ್ದು. ಅವ್ರು ಅಷ್ಟಕ್ಕೇ ಬಿಟ್ಟಿದ್ರೆ ಈ ಬರಹವೇ ಇರ್ತಿರ್ಲಿಲ್ಲ. ಒಂದು ಹಾಳೆ ತಗೊಂಡು ವಂಶವೃಕ್ಷ ಬರೀತಾ, ಗಂಡಸಿಗೆ ಚೌಕ ಹೆಂಗಸಿಗೆ ವೃತ್ತ ಹಾಕ್ತಾ, ಇನ್ನೊಂದ್ಸಲ ಬೇರೆ ಥರ ಕೇಳಿದ್ರು. ಹೃದಯದ ಮಾತು ಬಿಡಿ, ಈಜೋಕೆ ಹೋಗಿ ವಾಪಸ್ ಬರ್ದೇ ಇದ್ದೋರು ಯಾರಾದ್ರೂ ಇದಾರಾ, ಯಾಕೆ ಅಂತ ಗೊತ್ತಾಗ್ದೇ ಗಾಡಿ ಗುದ್ದಿ ಹೋದೋರು, ಫಿಟ್ಸಲ್ಲಿ ಹೋದ್ರು ಅಂತ ಹೇಳೋರು, ರಾತ್ರಿ ಮಲಗಿ ಬೆಳಗ್ಗೆ ಏಳ್ದೇ ಇದ್ದ ಮಕ್ಕಳು?

ನನ್ ಕೈ ತಣ್ಣಗಾಯ್ತು. ದೊಡ್ಡಪ್ಪ, ಅಂದೆ. ಅಪ್ಪನ ಚೌಕದ ಪಕ್ಕ ಇನ್ನೊಂದು ಚೌಕ ಹಾಕಿ, ಅದರ ಮೇಲೆ ಒಂದು ಅಡ್ಡಗೆರೆ ಎಳೆದ್ರು. ಅಡ್ಡಗೆರೆ ಅಂದ್ರೆ ತೀರ್ಕೊಂಡೋರು. ಅವ್ರನ್ನ ಯಾರಾದ್ರೂ ಒಂದು ಕಾಗದದ ಮೇಲೆ ಗುರುತು ಮಾಡಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ನಮ್ಮ ಮನೇಲಿ ದೊಡ್ಡಪ್ಪನ ಮಾತು ಎತ್ತೋ ಹಾಗಿರ್ಲಿಲ್ಲ. ಅಜ್ಜಿ ಇರೋವರೆಗೂ ಅದು ನಿಯಮ, ಅಜ್ಜಿ ಹೋದ್ಮೇಲೆ ಅದು ಅಭ್ಯಾಸ. ಅವ್ರ ಒಂದೇ ಒಂದು ಫೋಟೋ ಇತ್ತು, ಗೋಡೆ ಮೇಲಲ್ಲ, ಬೀರುವಿನಲ್ಲಿ ಬಟ್ಟೆಗಳ ಕೆಳಗೆ. ಅಪ್ಪಂಗೆ ಈಜು ಕಲಿಸ್ಲಿಲ್ಲ, ನಂಗೂ ನನ್ ತಮ್ಮನಿಗೂ ನೀರಿನ ಹತ್ರ ಹೋಗೋಕೆ ಬಿಡ್ತಿರ್ಲಿಲ್ಲ, ಚಿಕ್ಕವಳಿದ್ದಾಗ ಅದಕ್ಕೆ ಎಷ್ಟು ಅತ್ತಿದೀನೋ. ಆ ಭಯವೇ ನನ್ನನ್ನೂ ಅಪ್ಪನನ್ನೂ ಉಳಿಸಿರ್ಬೋದು ಅಂತ ಈಗ ಅನ್ಸತ್ತೆ, ಅಜ್ಜಿಗೆ ಅದನ್ನ ಹೇಳೋಕೆ ಆಗ್ಲಿಲ್ವಲ್ಲ ಅಂತ ಹೊಟ್ಟೆ ಕಿವುಚತ್ತೆ.

ಅಪ್ಪನ್ನ ಕೇಳಿದೆ. ಅದೆಲ್ಲ ಈಗ ಯಾಕೆ ಅಂದ್ರು. ಮಗಳ ರಿಪೋರ್ಟ್ ತೋರಿಸ್ದೆ. ತುಂಬ ಹೊತ್ತು ಸುಮ್ನೆ ಕೂತಿದ್ದು, 'ನಂಗಾಗ 11 ವರ್ಷ, ನನ್ನನ್ನ ಪಕ್ಕದ ಮನೇಗೆ ಕಳ್ಸಿದ್ರು, ವಾಪಸ್ ಕರ್ಕೊಂಡು ಬರೋಷ್ಟ್ರಲ್ಲಿ ಎಲ್ಲಾ ಮುಗ್ದಿತ್ತು, ನಂಗೆ ಏನೂ ಗೊತ್ತಿಲ್ಲ, ನಿಮ್ಮತ್ತೇನ ಕೇಳು' ಅಂದ್ರು.

ಅತ್ತೆ ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡೋರು. ಫೋನ್ ಮಾಡಿದ್ರೆ 'ಯಾಕೇ ಅದನ್ನೆಲ್ಲ ಕೆದಕ್ತೀಯ, ಆರಿದ ಗಾಯ' ಅಂತ ಇಟ್ಟೇಬಿಟ್ರು. ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಅವ್ರೇ ಫೋನ್ ಮಾಡಿದ್ರು, ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ಅಂತ ದನಿಯಲ್ಲೇ ಗೊತ್ತಾಗ್ತಿತ್ತು, ಒಂದೂವರೆ ಗಂಟೆ ಮಾತಾಡಿದ್ರು. 1967. ದೊಡ್ಡಪ್ಪ ಡಿಗ್ರಿ ಎರಡನೇ ವರ್ಷ. ಏಳೆಂಟು ವರ್ಷದಿಂದ ಅದೇ ಕೆರೇಲಿ ಈಜ್ತಾ ಇದ್ದ ಹುಡುಗ, ಈ ದಡದಿಂದ ಆ ದಡಕ್ಕೆ ಹೋಗಿ ಬರ್ತಿದ್ರಂತೆ. ಅಂಥವ್ನು ಮುಳುಗಿದ ಅಂದ್ರೆ ಯಾರೂ ನಂಬ್ಲಿಲ್ಲ, ಹಾಗಾಗಿ ಜನ ಕಥೆ ಕಟ್ಟಿದ್ರು. ಸುಳಿ ಇತ್ತು ಅಂದ್ರು ಕೆಲವ್ರು. ಜೊತೆಗಿದ್ದ ಸ್ನೇಹಿತ ಆಟಕ್ಕೆ ಕಾಲೆಳೆದ ಅಂದ್ರು ಇನ್ನು ಕೆಲವ್ರು. ಪರೀಕ್ಷೆ ಹತ್ರ ಇತ್ತಲ್ಲ, ಫೇಲಾಗ್ತೀನಿ ಅಂತ ಹೆದರಿ ತಾನೇ ಮಾಡ್ಕೊಂಡ ಅಂತ ಪಿಸುಮಾತು ಎದ್ದಿತ್ತು. ಅಜ್ಜಿಯನ್ನ ಕೊನೇವರೆಗೂ ತಿಂದಿದ್ದು ಇದೇ ಮಾತು ಅಂದ್ರು ಅತ್ತೆ. ಅಜ್ಜಿ ಸ್ನೇಹಿತನ ಮೇಲೆ ಸಿಟ್ಟು ಮಾಡ್ಕೊಂಡಿದ್ದೂ ಅದಕ್ಕೇ ಇರ್ಬೇಕು, ಮಗ ತಾನಾಗಿ ಹೋದ ಅನ್ನೋದಕ್ಕಿಂತ ಇನ್ಯಾರೋ ಕೊಂದ್ರು ಅಂತ ನಂಬೋದು ತಾಯಿಗೆ ಸುಲಭ.

ನಾನು ಕೇಳಿದೆ, ಅತ್ತೆ, ಅದಕ್ಕೆ ಮುಂಚೆ ಯಾವತ್ತಾದ್ರೂ ತಲೆ ಸುತ್ತಿ ಬಿದ್ದಿದ್ರಾ? ಅವ್ರು ಒಂದು ಕ್ಷಣ ನಿಂತ್ರು. 'ಹೂಂ ಕಣೇ. ಬಸ್ ಹಿಡಿಯೋಕೆ ಓಡಿ ರಸ್ತೇಲಿ ಬಿದ್ದಿದ್ದ. ರಾತ್ರಿಯೆಲ್ಲಾ ದೀಪ ಇಟ್ಕೊಂಡು ಓದ್ತೀಯ, ಇನ್ನೇನಾಗತ್ತೆ ಅಂತ ನಮ್ಮಪ್ಪ ಬೈದಿದ್ರು.'

ಅವ್ರ ಟ್ರಂಕು ಅತ್ತೆ ಹತ್ರಾನೇ ಇತ್ತು. ಹೋಗಿ ತೆಗೆಸ್ದೆ. ತುಕ್ಕು ಹಿಡಿದ ಚಿಲಕ, ಒಳಗೆ ನುಸಿಗುಳಿಗೆ ವಾಸನೆ, ಎರಡು ಶರ್ಟು, ಮಸಿ ಒಣಗಿದ ಒಂದು ಪೆನ್ನು, ಹಾಲ್ ಟಿಕೆಟ್ಟು, ಫಿಸಿಕ್ಸ್ ಪ್ರಾಕ್ಟಿಕಲ್ ರೆಕಾರ್ಡು. ಪರೀಕ್ಷೆ ಶುರು ಆಗೋಕೆ ಇನ್ನೂ 9 ದಿನ ಇತ್ತು ಅಂತ ಹಾಲ್ ಟಿಕೆಟ್ಟಿನ ತಾರೀಖಿನಿಂದ ಗೊತ್ತಾಯ್ತು. ರೆಕಾರ್ಡ್ ಪುಸ್ತಕದ ಮೂಲೆಗಳು ಕಂದಾಗಿ ಪುಡಿ ಉದುರ್ತಿದ್ವು, ಮಸಿಯ ಅಕ್ಷರ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕೊನೇ ಪ್ರಯೋಗ ಲೋಲಕದ್ದು. ದಾರದ ಉದ್ದ, 20 ತೂಗಾಟಕ್ಕೆ ತಗೊಂಡ ಸೆಕೆಂಡು, ಎಲ್ಲಾ ಪೆನ್ಸಿಲಲ್ಲಿ ಅಚ್ಚುಕಟ್ಟಾಗಿ ತುಂಬಿದಾರೆ, 'ಫಲಿತಾಂಶ' ಅಂತ ಬರೆದು ಕೆಳಗೆ ಸ್ಕೇಲಲ್ಲಿ ಎರಡು ಗೆರೆ ಎಳೆದಿದಾರೆ, ಅದರ ಕೆಳಗೆ ಏನೂ ಇಲ್ಲ. ನಾನು ಆ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ.

ಬೇಕಾಗಿದ್ದು ಸಿಕ್ಕಿದ್ದು ಇನ್ನೊಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಪ್ರಿನ್ಸಿಪಾಲರಿಗೆ ಬರೆದ ರಜಾ ಅರ್ಜಿಯ ಕಚ್ಚಾ ಪ್ರತಿ. ಮೈದಾನದಲ್ಲಿ ಓಡುವಾಗ ಪ್ರಜ್ಞೆ ತಪ್ಪಿ ಬಿದ್ದ ಕಾರಣ 2 ದಿನ ರಜೆ ದಯಪಾಲಿಸಬೇಕು ಅಂತ. 'ತಲೆ ಸುತ್ತಿ' ಅಂತ ಮೊದ್ಲು ಬರೆದು, ಹೊಡೆದು ಹಾಕಿ, 'ಪ್ರಜ್ಞೆ ತಪ್ಪಿ' ಅಂತ ತಿದ್ದಿದ್ರು. ಅದರ ಪಕ್ಕದ ಪುಟದಲ್ಲಿ ಪರೀಕ್ಷೆಗೆ ಓದೋ ಟೈಮ್‌ಟೇಬಲ್ಲು, ಮುಗಿಸಿದ ಪಾಠಗಳಿಗೆ ಟಿಕ್ಕು, ಕೆಳಗೆ ರಜೇಲಿ ಲೈಬ್ರರಿಯಿಂದ ತರಬೇಕಾದ ಆರು ಪುಸ್ತಕದ ಪಟ್ಟಿ. ಒಂದು ಪಟ್ಟಿ ನೋಡಿ ಒಬ್ಬರ ಮನಸ್ಸಲ್ಲಿ ಏನಿತ್ತು ಅಂತ ಪೂರ್ತಿ ತಿಳಿಯಲ್ಲ, ಅದು ನಂಗೂ ಗೊತ್ತು. ಆದ್ರೂ ಅತ್ತೆ ಆ ಪುಟವನ್ನ ಎದೆಗೆ ಅಮುಕ್ಕೊಂಡು ಅತ್ತಿದ್ದನ್ನ ನಾನು ಮರೆಯಲ್ಲ. ಈ ಟ್ರಂಕನ್ನ 58 ವರ್ಷ ಕಾಪಾಡಿದೋರು ಅವ್ರು, ಒಂದ್ಸಲಾನೂ ತೆಗೆದಿರ್ಲಿಲ್ಲ.

ಆಮೇಲೆ ಆ ಸ್ನೇಹಿತ. ಅವ್ರನ್ನ ಹುಡುಕೋದು ಅಷ್ಟು ಕಷ್ಟ ಆಗ್ಲಿಲ್ಲ, ಅವ್ರ ಊರು, ಕೆಲಸ ಎಲ್ಲಾ ಅತ್ತೆಗೆ ಗೊತ್ತಿತ್ತು, ಯಾರೂ ಮಾತಾಡಿಸ್ತಿರ್ಲಿಲ್ಲ ಅಷ್ಟೇ. ಈಗ 77 ವರ್ಷ. ಫೋನಲ್ಲಿ ನಾನು ಯಾರ ಮಗಳು ಅಂತ ಹೇಳಿದ ತಕ್ಷಣ ಆ ಕಡೆ ಮಾತೇ ನಿಂತೋಯ್ತು, ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ನಾನು ದೂರೋಕೆ ಫೋನ್ ಮಾಡಿಲ್ಲ ಅಂಕಲ್, ಮಗಳಿಗೆ ಹುಷಾರಿಲ್ಲ, ಅವತ್ತು ನೀವು ಏನು ನೋಡಿದ್ರಿ ಅಂತ ಡಾಕ್ಟ್ರಿಗೆ ಬೇಕು ಅಂದೆ.

'ಅವ್ನು ಕೂಗ್ಲೇ ಇಲ್ಲಮ್ಮ' ಅಂದ್ರು. ಮೊದಲ ಮಾತೇ ಅದು.

ಇಬ್ರೂ ದಡದಿಂದ ದಡಕ್ಕೆ ಪಂದ್ಯ ಕಟ್ಟಿದ್ರಂತೆ. ದೊಡ್ಡಪ್ಪ ಹತ್ತು ಹದಿನೈದು ಅಡಿ ಮುಂದೆ ಇದ್ರು. ಜೋರಾಗಿ ಕೈ ಬೀಸ್ತಾ ಇದ್ದೋರು ಅರ್ಧಕ್ಕೆ ನಿಂತ್ರು, ಕೈ ಎರಡೂ ಚಾಚಿದ ಹಾಗೇ, ಮುಖ ನೀರೊಳಗೆ. ಒದ್ದಾಟ ಇಲ್ಲ, ಗುಳುಗುಳು ಇಲ್ಲ. 'ಉಸಿರು ಕಟ್ಟೋ ಆಟ ಆಡೋನು ಅವ್ನು ಯಾವಾಗ್ಲೂ, ಎಷ್ಟ್ ಹೊತ್ತು ಇರ್ತಾನೆ ನೋಡೋಣ ಅಂತ ನಾನು ಎಣಿಸ್ತಾ ನಿಂತೆ. ಮೂವತ್ತರವರೆಗೆ ಎಣಿಸ್ದೆ ಕಣಮ್ಮ. ಮೂವತ್ತು.' ಆಮೇಲೆ ಅವ್ರಿಗೆ ಮಾತಾಡೋಕಾಗ್ಲಿಲ್ಲ. ಎಳೆದು ದಡಕ್ಕೆ ತರೋಷ್ಟ್ರಲ್ಲಿ ಮುಗ್ದಿತ್ತು.

ಇದನ್ನ ಹಾಗೇ ಬರ್ಕೊಂಡು ಡಾಕ್ಟ್ರಿಗೆ ಕೊಟ್ಟೆ. ಅವ್ರು ಎರಡು ಸಲ ಓದಿದ್ರು. ಅವ್ರು ವಿವರಿಸಿದ್ದು ಹೀಗೆ. ನಾವು ಓಡಿದಾಗ, ಈಜಿದಾಗ, ಹೆದರಿದಾಗ ಹೃದಯ ಜೋರಾಗಿ ಬಡಿಯತ್ತೆ, ಆಗ ಪ್ರತಿ ಬಡಿತದ ನಂತರ ಬೇಗ ಬೇಗ ರೆಡಿ ಆಗೋಕೆ ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಬಿಡೋ ಒಂದು ಬಾಗಿಲು ಚುರುಕಾಗ್ಬೇಕು, ಈ ಖಾಯಿಲೆಯ ಒಂದನೇ ಬಗೇಲಿ ಆ ಬಾಗಿಲೇ ಕೈ ಕೊಡತ್ತೆ. ಹೃದಯ ಬಡಿಯೋದು ಬಿಟ್ಟು ಅದುರೋಕೆ ಶುರು ಮಾಡತ್ತೆ, ರಕ್ತ ಮೆದುಳಿಗೆ ಹೋಗಲ್ಲ, ಕೆಲವೇ ಸೆಕೆಂಡಲ್ಲಿ ಎಚ್ಚರ ತಪ್ಪತ್ತೆ. ಎಷ್ಟೋ ಸಲ ಅದು ತಾನಾಗೇ ಸರಿಹೋಗತ್ತೆ. ನೆಲದ ಮೇಲೆ ಬಿದ್ದೋರು ಎದ್ದು ಕೂರ್ತಾರೆ, ಬಸ್ಸಿಗೆ ಓಡಿ ಬಿದ್ದಾಗ ದೊಡ್ಡಪ್ಪ ಎದ್ದ ಹಾಗೆ, ನನ್ ಮಗಳು ಮೂರು ಸಲಾನೂ ಎದ್ದ ಹಾಗೆ. ನೀರಲ್ಲಿ ಏಳೋಕೆ ಅವಕಾಶ ಸಿಗಲ್ಲ. ಒಂದನೇ ಬಗೆಯೋರಿಗೆ ಈಜೇ ದೊಡ್ಡ ಶತ್ರು ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತಾಗಿದ್ದು 1990ರ ದಶಕದಲ್ಲಿ. ಎರಡನೇ ಬಗೆಯೋರಿಗೆ ಅಲಾರಂ, ಫೋನ್ ರಿಂಗ್ ಥರದ ದಿಢೀರ್ ಶಬ್ದ, ಮೂರನೇ ಬಗೆಯೋರಿಗೆ ನಿದ್ದೆ ಹೊತ್ತು.

ಪೋಸ್ಟ್‌ಮಾರ್ಟಂ ಮಾಡಿದ್ರೂ ಆಗ ಏನೂ ಸಿಗ್ತಿರ್ಲಿಲ್ಲ ಅಂದ್ರು. ಹೃದಯದ ಆಕಾರ, ಗೋಡೆ, ಕವಾಟ ಎಲ್ಲಾ ಸರಿಯಾಗೇ ಇರತ್ತೆ, ಕೆಟ್ಟಿರೋದು ಕರೆಂಟು, ಅದು ಸತ್ತ ಮೇಲೆ ಕಾಣಲ್ಲ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲ್ಯಾಂಗೆ ನೀಲ್ಸನ್ ಅನ್ನೋ ಇಬ್ರು ಡಾಕ್ಟ್ರು ಹುಟ್ಟು ಕಿವುಡು ಮಕ್ಕಳಿದ್ದ ಒಂದೇ ಕುಟುಂಬದಲ್ಲಿ ಇದನ್ನ ನೋಡಿ ಬರೆದ್ರು, ಕಿವಿ ಸರಿ ಇರೋರಲ್ಲೂ ಬರತ್ತೆ ಅಂತ ಇಟಲಿಯ ರೊಮಾನೊ 1963ರಲ್ಲಿ, ಐರ್ಲೆಂಡಿನ ವಾರ್ಡ್ 1964ರಲ್ಲಿ ಬರೆದ್ರು. ದೊಡ್ಡಪ್ಪ ಹೋಗಿದ್ದು ಅದಾಗಿ ಮೂರೇ ವರ್ಷಕ್ಕೆ.

ಇನ್ನೊಂದು ವಿಷಯ ಹೇಳಿದ್ರು, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. 1856ರಲ್ಲಿ ಜರ್ಮನಿಯ ಮೈಸ್ನರ್ ಅನ್ನೋ ಡಾಕ್ಟ್ರು ಲೈಪ್ಸಿಗ್‌ನ ಕಿವುಡ ಮಕ್ಕಳ ಶಾಲೆಯ ಒಬ್ಬ ಹುಡುಗಿ ಬಗ್ಗೆ ಬರೆದಿದ್ರಂತೆ. ಏನೋ ಸಣ್ಣ ತಪ್ಪು ಮಾಡಿದ್ಲು ಅಂತ ಮುಖ್ಯಸ್ಥರ ಮುಂದೆ ಕರೆಸಿದ್ರು, ಆ ಮಗು ಅಲ್ಲೇ ಕುಸಿದು ಸತ್ತೋಯ್ತು. ಅಪ್ಪ ಅಮ್ಮನಿಗೆ ಸುದ್ದಿ ಹೇಳಿದ್ರೆ ಅವ್ರಿಗೆ ಆಶ್ಚರ್ಯವೇ ಆಗ್ಲಿಲ್ಲವಂತೆ, ಯಾಕಂದ್ರೆ ಅವ್ರ ಇನ್ನೊಂದು ಮಗು ಭಯದಲ್ಲಿ, ಮತ್ತೊಂದು ಸಿಟ್ಟಿನಲ್ಲಿ ಹೀಗೇ ಹೋಗಿತ್ತು. ಅಂದ್ರೆ ಡಾಕ್ಟ್ರುಗಳಿಗೆ ನೂರು ವರ್ಷ ಆದ್ಮೇಲೆ ಗೊತ್ತಾಗಿದ್ದು ಆ ಮನೆಯೋರಿಗೆ ಆಗ್ಲೇ ಗೊತ್ತಿತ್ತು. ಗೊತ್ತಿದ್ರೂ ಏನು ಮಾಡೋಕೂ ದಾರಿ ಇರ್ಲಿಲ್ಲ. ನಮಗೆ ದಾರಿ ಇದೆ, ಗೊತ್ತಿರ್ಲಿಲ್ಲ.

ಟೆಸ್ಟುಗಳ ಕಥೆ ಬೇಗ ಹೇಳ್ಬಿಡ್ತೀನಿ. ಮೊದ್ಲು ಮಗಳ ರಕ್ತ ಜೀನ್ ಟೆಸ್ಟಿಗೆ ಹೋಯ್ತು. ಖಾಯಿಲೆ ಇರೋ ಎಲ್ರಲ್ಲೂ ಜೀನ್ ಸಿಗಲ್ಲ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಸಿಗತ್ತೆ. ಅವ್ಳಲ್ಲಿ ಸಿಕ್ತು, ಕೆಸಿಎನ್‌ಕ್ಯೂ1 ಅನ್ನೋ ಜೀನಲ್ಲಿ, ಅದೇ ಒಂದನೇ ಬಗೆ. ಆಮೇಲೆ ಅದೊಂದೇ ಬದಲಾವಣೆ ಇದ್ಯಾ ಅಂತ ಉಳಿದವ್ರಿಗೆ ನೋಡಿದ್ರೆ ಸಾಕು. ನಂದು ಪಾಸಿಟಿವ್. ಆಶ್ಚರ್ಯ ಅಂದ್ರೆ ನನ್ ಇಸಿಜಿ ನಾರ್ಮಲ್ ಅಂತಾನೇ ಬಂದಿತ್ತು, ಜೀನ್ ಇರೋರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಹೀಗಾಗತ್ತಂತೆ, ಹಾಗಾಗಿ ಇಸಿಜಿ ಚೆನ್ನಾಗಿದೆ ಅಂತ ಒಂದೇ ಮಾತಿಗೆ ಸುಮ್ನಾಗ್ಬೇಡಿ. ಮಗನಿಗೆ ಇಲ್ಲ, ತಮ್ಮನಿಗೆ ಇಲ್ಲ. ಅತ್ತೆಗೆ ಇಲ್ಲ, ಅಂದ್ರೆ ಅವ್ರ ಮಕ್ಕಳು ಮೊಮ್ಮಕ್ಕಳಿಗೆ ಇದು ಹೋಗಿರೋಕೆ ಸಾಧ್ಯವಿಲ್ಲ. ಅಪ್ಪಂಗೆ ಇದೆ. ಜೀವನದಲ್ಲಿ ಒಂದ್ಸಲಾನೂ ತಲೆ ಸುತ್ತಿ ಬೀಳದ ಮನುಷ್ಯ. ರಿಪೋರ್ಟ್ ಓದಿ ಹೇಳಿದಾಗ ಅವ್ರು ಹೆದರ್ತಾರೆ ಅಂದ್ಕೊಂಡಿದ್ದೆ. 'ಅಣ್ಣಂದು ಅಂತ ನನ್ ಹತ್ರ ಏನೂ ಇಲ್ಲ ಅಂದ್ಕೊಂಡಿದ್ದೆ' ಅಂದ್ರು ಅಪ್ಪ, ಅಷ್ಟು ಹೇಳಿ ಎದ್ದು ಒಳಗೆ ಹೋದ್ರು.

ದೊಡ್ಡಪ್ಪಂಗೂ ಇದೇ ಇತ್ತು ಅಂತ ನೂರಕ್ಕೆ ನೂರು ಯಾರೂ ಬರ್ಕೊಡಲ್ಲ, ಅವ್ರ ರಕ್ತ ಇಲ್ಲ. ಆದ್ರೆ ತಮ್ಮನಲ್ಲಿ ಜೀನ್ ಇದೆ, ಓಡಿ ಬಿದ್ದಿದ್ದು ಅವ್ರ ಕೈಬರಹದಲ್ಲೇ ಇದೆ, ಕೂಗದೇ ಕೈ ಚಾಚಿ ನಿಂತಿದ್ದನ್ನ ಕಂಡೋರಿದ್ದಾರೆ. ಡಾಕ್ಟ್ರು ಆ ಅಡ್ಡಗೆರೆಯ ಚೌಕಕ್ಕೆ ಬಣ್ಣ ತುಂಬಿದ್ರು. ಬಣ್ಣ ತುಂಬಿದ್ರೆ ಖಾಯಿಲೆ ಇದ್ದೋರು ಅಂತ.

ಮಗಳು ಈಗ ದಿನಾ ಹೃದಯದ ವೇಗಕ್ಕೆ ಕಡಿವಾಣ ಹಾಕೋ ಬೀಟಾ ಬ್ಲಾಕರ್ ಮಾತ್ರೆ ತಗೋತಾಳೆ, ಫಿಟ್ಸ್ ಮಾತ್ರೆ ನಿಂತಿದೆ. ಒಂದು ಹೊತ್ತೂ ತಪ್ಪೋ ಹಾಗಿಲ್ಲ. ಪಂದ್ಯದ ಓಟ ಬಂದ್, ಈಜು ಬಂದ್. ಕ್ಲಾರಿತ್ರೊಮೈಸಿನ್ ಥರದ ಕೆಲವು ಆ್ಯಂಟಿಬಯಾಟಿಕ್, ಇನ್ನೂ ಎಷ್ಟೋ ಸಾಮಾನ್ಯ ಔಷಧಿಗಳು ಕ್ಯೂಟಿಯನ್ನ ಇನ್ನೂ ಉದ್ದ ಮಾಡ್ತವೆ, ಆ ಪಟ್ಟಿ ನನ್ ಪರ್ಸಲ್ಲಿದೆ, ಯಾವ ಡಾಕ್ಟ್ರು ಏನು ಬರೆದ್ರೂ ಮೊದ್ಲು ಅದನ್ನ ತೋರಿಸ್ತೀನಿ. ವಾಂತಿ ಭೇದಿ ಆದ್ರೆ ಪೊಟ್ಯಾಸಿಯಂ ಇಳಿಯತ್ತೆ, ತಕ್ಷಣ ಆಸ್ಪತ್ರೆ. ಸ್ಕೂಲಲ್ಲಿ ಎಲ್ಲಾ ಟೀಚರಿಗೂ ಎದೆ ಒತ್ತೋದು ಕಲಿಸಿದಾರೆ. ಟೀಮಿಂದ ಬಿಡಿಸಿದ ದಿನ ಅವ್ಳು ನನ್ ಜೊತೆ ಮಾತಾಡ್ಲಿಲ್ಲ, ಶೂ ತೆಗೆದು ಮಂಚದ ಕೆಳಗೆ ಎಸೆದ್ಲು. ಆ ಸಿಟ್ಟಿಗೆ ನನ್ ಹತ್ರ ಉತ್ತರ ಇಲ್ಲ.

ಮನೇಲಿ ಹೀಗೆ ಓದೋ ವಯಸ್ಸಲ್ಲೇ ಹೋದೋರು ಯಾರಾದ್ರೂ ಇದ್ರೆ ದಯವಿಟ್ಟು ಕೇಳಿ. 'ಏನಾಗಿ ಹೋದ್ರು' ಅಂತ ಕೇಳಿದ್ರೆ ನಮಗೆ ಸಿಕ್ಕಿದ ಹಾಗೆ ಒಂದು ಪದ ಸಿಗತ್ತೆ, ಮುಳುಗಿ, ಬಿದ್ದು, ಫಿಟ್ಸಾಗಿ, ಆ ಪದ ಬಾಗಿಲು ಹಾಕ್ಬಿಡತ್ತೆ. ಆ ಹೊತ್ತಲ್ಲಿ ಏನು ಮಾಡ್ತಾ ಇದ್ರು, ಕೂಗಿದ್ರಾ, ಮುಂಚೆ ಯಾವತ್ತಾದ್ರೂ ಬಿದ್ದಿದ್ರಾ, ಪಕ್ಕದಲ್ಲಿ ಯಾರಿದ್ರು ಅಂತ ಕೇಳಿ. ಕಂಡೋರು ಇನ್ನೂ ಬದುಕಿರುವಾಗ್ಲೇ ಕೇಳಿ.

ದೊಡ್ಡಪ್ಪನ ಆ ಸ್ನೇಹಿತರಿಗೆ ಎಲ್ಲಾ ಹೇಳಿದೆ. ಅವ್ರು ಕೇಳಿದ್ದು ಒಂದೇ, 'ನಾನು ಎಣಿಸದೇ ಆಗ್ಲೇ ಹೋಗಿದ್ರೆ ಉಳೀತಿದ್ನೇನಮ್ಮ?' ನಂಗೆ ಸುಳ್ಳು ಹೇಳೋಕೆ ಮನಸ್ಸಾಗ್ಲಿಲ್ಲ. ಗೊತ್ತಿಲ್ಲ ಅಂಕಲ್ ಅಂದೆ. ಆದ್ರೆ ಎದೆ ಒತ್ತಿ ಉಳಿಸೋ ಈಗಿನ ವಿಧಾನ ಪ್ರಕಟ ಆಗಿದ್ದೇ 1960ರಲ್ಲಿ, ಕೆರೆ ದಡದ ಹುಡುಗರಿಗೆ ಅದು ಹೇಗೆ ಗೊತ್ತಿರ್ಬೇಕು ಅಂದೆ. ಅವ್ರು ಹೂಂ ಅಂದ್ರು, ಸ್ವಲ್ಪ ಹೊತ್ತಾದ್ಮೇಲೆ 'ನಿಮ್ಮಪ್ಪನ್ನ ಒಂದ್ಸಲ ನೋಡ್ಬೋದಾ' ಅಂತ ಕೇಳಿದ್ರು.

ಹೋದ ತಿಂಗಳು ಬಂದಿದ್ರು. ಬೀರುವಿನ ಫೋಟೋ ಈಗ ಹಾಲಲ್ಲಿದೆ, ಅದರ ಮುಂದೆ ತುಂಬ ಹೊತ್ತು ನಿಂತಿದ್ರು. ಅಪ್ಪಂಗೆ ಏನು ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ಕೊನೆಗೆ 'ಅಣ್ಣ ಹೇಗೆ ಈಜ್ತಿದ್ದ' ಅಂತ ಕೇಳಿದ್ರು. ಆ ವಯಸ್ಸಾದ ಮನುಷ್ಯ ಕೋಲನ್ನ ಗೋಡೆಗೆ ಒರಗಿಸಿ, ಕುರ್ಚಿ ಹಿಡ್ಕೊಂಡು ನಿಂತು, ಒಂದು ಕೈ ಎತ್ತಿ ತೋರಿಸಿದ್ರು. 'ಎಡಗೈನ ಸ್ವಲ್ಪ ಅಗಲಕ್ಕೆ ಬೀಸ್ತಿದ್ದ, ಹೀಗೆ, ಎಷ್ಟು ಹೇಳಿದ್ರೂ ತಿದ್ಕೊಳ್ಲಿಲ್ಲ.' ಯಾವತ್ತೂ ನೀರಿಗಿಳಿಯದ ನಮ್ಮಪ್ಪ ಕೂತಲ್ಲೇ ಎಡಗೈ ಎತ್ತಿ, ಹೀಗಾ, ಅಂತ ಕೇಳಿದ್ರು. 'ಇನ್ನೂ ಸ್ವಲ್ಪ ಅಗಲ' ಅಂದ್ರು ಅವ್ರು.